ಕ್ಯಾಮೆರಾ ಹಿಡಿದು ಕಬಿನಿಗೆ

ಶನಿವಾರ ಬೆಳಗಿನ ಜಾವದಲ್ಲಿ ಬೆಂಗಳೂರನ್ನು ಬಿಟ್ಟು, ಮೈಸೂರಿನಲ್ಲಿ ತಿಂಡಿ ಮುಗಿಸಿ, ಹೆಗ್ಗಡದೇವನಕೋಟೆಯ ದಾರಿ ಹಿಡಿದು ಮಧ್ಯಾಹ್ನದ ಊಟದ ಹೊತ್ತಿಗೆ ಕಬಿನಿಯ ದಂಡೆಯನ್ನು ಸೇರುವವರ ಸಂಖ್ಯೆ ಕಳೆದ ಕೆಲವು ವರ್ಷಗಳಲ್ಲಿ ಬಹುವಾಗಿ ಬೆಳೆದಿದೆ. ಇವರಲ್ಲಿ ಅನೇಕರ ಹೆಗಲಿನಲ್ಲಿ ಮೊಳದುದ್ದದ ಮಸೂರವನ್ನು ಜೋಡಿಸಿದ ಕ್ಯಾಮೆರಾ ತೂಗುತ್ತಿರುತ್ತದೆ. ಸಂಜೆ ಒಮ್ಮೆ, ಮರುದಿನ ಮುಂಜಾನೆ ಒಮ್ಮೆ ಕಾಡಿನೊಳಗೆ ಸುತ್ತಾಡಿ, ಸಾಧ್ಯವಾದರೆ ದೋಣಿಯಲ್ಲಿ ಹಿನ್ನೀರಿನ ಮೇಲೂ ತಿರುಗಿ, ಸಾವಿರಾರು ಚಿತ್ರಗಳೊಡನೆ ಭಾನುವಾರ ರಾತ್ರಿ ಅವರು ಮನೆಗೆ ಮರಳುತ್ತಾರೆ. ಇದನ್ನು ಆಕ್ಷೇಪಿಸುವುದು ನಮ್ಮ ಉದ್ದೇಶವಲ್ಲ. ಇಸ್ಪೀಟಿನ ಎಲೆಗಳ ಮುಂದೆಯೋ ಪೇಟೆಯ ಅಂಗಡಿಗಳಲ್ಲಿಯೋ ಎರಡು ದಿನ ಕಳೆಯುವುದಕ್ಕಿಂತ ಹೊಳೆಯ ದಂಡೆಯಲ್ಲಿ ಕಳೆಯುವುದು ಎಷ್ಟೋ ಮೇಲು. ಆದರೆ ಇಷ್ಟು ಹಣವನ್ನೂ ಶ್ರಮವನ್ನೂ ವ್ಯಯಿಸಿ ತಂದ ಚಿತ್ರಗಳಿಂದ ಕಬಿನಿಯ ವಿಷಯವಾಗಿ ನಮಗೆ ತಿಳಿದುಬರುವುದೆಷ್ಟು ಎಂದು ಕೇಳಿಕೊಂಡರೆ, ಉತ್ತರ ನಿರಾಶೆಯನ್ನೇ ತರುತ್ತದೆ. ಹುಲಿಯ ಮುಖ, ಹುಲಿಯ ಮುಖ, ಮತ್ತೆ ಹುಲಿಯ ಮುಖ, ಅದೃಷ್ಟವಿದ್ದವರಿಗೆ ಕರಿಚಿರತೆ. ಎಲ್ಲಿ, ಎಂದು, ಏನು ಮಾಡುತ್ತಿದ್ದಾಗ ಎಂಬುದರ ಸುಳಿವೇ ಇಲ್ಲ. ಛಾಯಾಚಿತ್ರವು ವಿಜ್ಞಾನದ ಒಂದು ಉಪಕರಣವೂ ಹೌದೆಂಬುದನ್ನು ನಮ್ಮ ಹವ್ಯಾಸಿಗಳು ಮರೆತಿದ್ದಾರೆಂಬುದು ನಮ್ಮ ದೂರು.

ಮೊದಲು ಸ್ಥಳದ ಪರಿಚಯ. ಕಬಿನಿಯು ಕೇರಳದ ವೈನಾಡಿನಲ್ಲಿ ಪನಮರಂ ಮತ್ತು ಮಾನಂದವಾಡಿ ಹೊಳೆಗಳ ಕೂಟದಿಂದ ಹುಟ್ಟಿ, ಪೂರ್ವಾಭಿಮುಖವಾಗಿ ನಮ್ಮ ನಾಡನ್ನು ಹೊಕ್ಕು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಬೀಚನಹಳ್ಳಿಯ ಬಳಿ ಇದಕ್ಕೆ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿಯಿತು. 19.52 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯಬಲ್ಲ ಈ ಜಲಾಶಯದ ಒಂದು ಮಗ್ಗುಲಿಗೆ 643 ಚದರ ಕಿಲೋಮೀಟರು ವಿಸ್ತಾರದ ನಾಗರಹೊಳೆಯ ಅರಣ್ಯವೂ ಇನ್ನೊಂದು ಮಗ್ಗುಲಿಗೆ ಬಂಡೀಪುರದ ಅರಣ್ಯವೂ ಇವೆ. ದಂಡೆಯ ಕಾರಾಪುರವು ಹಿಂದೆ ಮೈಸೂರು ಮಹಾರಾಜರ ಬೇಟೆಯ ಬಿಡಾರವಾಗಿತ್ತು. ಸಮೀಪದ ಕಾಕನಕೋಟೆಯಲ್ಲಿ ಆನೆಗಳನ್ನು ಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಆನೆಯ ಹಿಂಡನ್ನು ಹೊಳೆ ದಾಟಿಸಿ ದೊಡ್ಡಿಗೆ ಅಟ್ಟುವ ಆ ದೃಶ್ಯವನ್ನು ನೋಡಲು ದೇಶವಿದೇಶಗಳ ಅತಿಥಿಗಳು ಬರುತ್ತಿದ್ದರು. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಕ್ಯಾಮೆರಾ ಕೂಡ ಈ ಸೀಮೆಗೆ ಹೊಸದಲ್ಲ: ರಾಬರ್ಟ್ ಫ್ಲಾಹರ್ಟಿ ಎಂಬ ಚಿತ್ರ ನಿರ್ದೇಶಕನು ಮೈಸೂರು ಸೀಮೆಯ ಆನೆಗಳನ್ನು ಚಿತ್ರೀಕರಿಸಿ, ಮಾವುತರ ಮನೆಯ ಬಾಲಕ ಸಾಬುವನ್ನು ನಾಯಕನನ್ನಾಗಿ ಮಾಡಿದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. ಅನಂತರ, 1980ರಲ್ಲಿ ರಾಜ್ಯ ಸರ್ಕಾರ ಸ್ಥಾಪಿಸಿದ ಜಂಗಲ್ ಲಾಡ್ಜಸ್ ಸಂಸ್ಥೆಯು ಕಾರಾಪುರದ ಹಳೆಯ ಬೇಟೆಯ ಬಂಗಲೆಯ ಆವರಣದಲ್ಲಿಯೇ ಪ್ರವಾಸಿಗಳ ತಂಗುದಾಣವನ್ನು ತೆರೆಯಿತು. ಬಂದೂಕವಿದ್ದ ಕೈಗೆ ಕ್ಯಾಮೆರಾ ಬಂದಿತು ಎನ್ನುವ ಮಾತು ಇಲ್ಲಿ ಅಕ್ಷರಶಃ ಸತ್ಯ. ಅಲ್ಲಿ ಬಹುಕಾಲ ನೆಲಸಿ ಅತಿಥಿಗಳಿಗೆಲ್ಲ ಹಿರಿಯಣ್ಣನಂತಿದ್ದು 2010ರಲ್ಲಿ ತೀರಿಕೊಂಡ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರೂ ಮೊದಲು ಬೇಟೆಗಾರರೇ.

ಇನ್ನು ಅಲ್ಲಿ ನೋಡಬೇಕಾದುದೇನು? ವೈನಾಡಿನ ಮಳೆಗೆ ಜುಲೈ ಆಗಸ್ಟುಗಳಲ್ಲಿ ತುಂಬುವ ಜಲಾಶಯವು ಬೇಸಗೆ ಬಂದಂತೆ ಕುಗ್ಗುತ್ತ ಹೋಗುತ್ತದೆ. ನೀರು ಹಿಂದೆ ಸರಿದಲ್ಲೆಲ್ಲ ಹೂಳು ತುಂಬಿದ ತೇವದ ನೆಲ ಮೇಲೇಳುತ್ತದೆ. ಅಲ್ಲಿದ್ದ ಮರಗಳು ಎಂದೋ ಮುಳುಗಿ ಸತ್ತಿರುವುದರಿಂದ ಬಿಸಿಲಿಗೆ ಅಡ್ಡಿಯಿಲ್ಲ. ಸುತ್ತಣ ಕಾಡಿನಲ್ಲಿ ಹುಲ್ಲು ಒಣಗಿ ಬೂದುಬಣ್ಣಕ್ಕೆ ತಿರುಗಿರುವಾಗ ಈ ಬಯಲಿನಲ್ಲಿ ಎಳೆಯ ಹಸಿರು ಚಿಗುರುತ್ತದೆ. ಪ್ರಾಯದ ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋಗ್ರಾಮಿನಷ್ಟು ಮೇವು ಬೇಕು. ಕುಡಿಯುವ ನೀರು, ಮೀಯುವ ಕೆಸರು, ಮೇಯುವ ಹುಲ್ಲು ಮೂರೂ ಒಂದೆಡೆ ದೊರೆತಾಗ ಅವು ಬಾರದಿರುವುವೆ? ಏಪ್ರಿಲ್ ಮೇ ತಿಂಗಳುಗಳ ಸಂಜೆ ಹಿನ್ನೀರಿನ ಅಂಚಿನಲ್ಲಿ ನೂರಾರು ಆನೆಗಳು ಕಾಣುವುದು ಹೀಗೆ. ಇದನ್ನು ಪ್ರಾಚೀನ ಪ್ರಕೃತಿಯ ಅಖಂಡ ವೈಭವವೆಂದು ಚಿತ್ರಗಳ ಕೆಳಗೆ ಬರೆಯುವುದುಂಟು. ವಾಸ್ತವದಲ್ಲಿ ಈ ಹುಲ್ಲಿನ ಬಯಲು ಅಣೆಕಟ್ಟಿನ ಮಗು. ಅದರ ವಯಸ್ಸು ಅರ್ಧ ಶತಮಾನವನ್ನು ಈಗಷ್ಟೆ ದಾಟಿದೆ. ಕಣಿವೆಯ ಕಾಡು ಮುಳುಗಿತು, ಜೇನುಕುರುಬರ ಹಾಡಿಗಳು ಎದ್ದುಹೋದವು, ಅವುಗಳ ಸ್ಥಾನದಲ್ಲಿ ವರ್ಷಕ್ಕೆ ನಾಲ್ಕಾರು ತಿಂಗಳು ಮಾತ್ರ ಬಾಳುವ ಹೊಸ ಹುಲ್ಲುಗಾವಲು ಹುಟ್ಟಿತು. ನೀರಿನಲ್ಲಿ ಇನ್ನೂ ನಿಂತಿರುವ ಬೋಳು ಮರಗಳು ಆ ಹಳೆಯ ಕಾಡಿನ ಅಸ್ಥಿಗಳು. ಅವುಗಳ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆಯನ್ನೂ, ಚಳಿಗಾಲದಲ್ಲಿ ದೂರದ ಉತ್ತರದಿಂದ ಬಂದು ಮೀನಿಗಾಗಿ ಹೊಂಚುಹಾಕುವ ಆಸ್ಪ್ರೆ ಡೇಗೆಯನ್ನೂ ನಮ್ಮ ಛಾಯಾಗ್ರಾಹಕರು ಚೆನ್ನಾಗಿಯೇ ಹಿಡಿಯುತ್ತಾರೆ. ಆದರೆ ಮರವನ್ನು ಹಕ್ಕಿಯ ಪಾದದ ಕೆಳಕ್ಕೆ ಕತ್ತರಿಸಿಬಿಡುತ್ತಾರೆ.

ಈ ಕತ್ತರಿಸುವಿಕೆಗೆ ಉಪಕರಣವೇ ಒಂದು ಕಾರಣ. 600 ಮಿಲಿಮೀಟರು ಸಂಗಮದೂರದ ಮಸೂರವನ್ನು 36 ಮಿಲಿಮೀಟರು ಅಗಲದ ಪಟಕ್ಕೆ ಜೋಡಿಸಿದರೆ ಅದರ ನೋಟದ ಅಗಲ ಸುಮಾರು ಮೂರೂವರೆ ಡಿಗ್ರಿ. ದಿಗಂತದ ವೃತ್ತ 360 ಡಿಗ್ರಿ. ಅಂದರೆ ಛಾಯಾಗ್ರಾಹಕನು ಒಂದು ಸಲ ಗುಂಡಿ ಒತ್ತಿದಾಗ ಸುತ್ತಲಿನ ಪ್ರಪಂಚದ ನೂರರಲ್ಲಿ ಒಂದು ಪಾಲನ್ನು ಹಿಡಿದು ತೊಂಬತ್ತೊಂಬತ್ತು ಪಾಲನ್ನು ಹೊರಗೆ ಬಿಡುತ್ತಾನೆ. ಇಷ್ಟೇ ಅಲ್ಲ. ಬಹುದೂರದಿಂದ ನೋಡಿದಾಗ ಹಿಂದುಮುಂದಿನ ಅಂತರಗಳು ಕುಗ್ಗಿ ತೋರುತ್ತವೆ. ಒಂದರ ಹಿಂದೊಂದು ಐವತ್ತು ಮೀಟರು ದೂರದಲ್ಲಿರುವ ಎರಡು ಆನೆಗಳು ಚಿತ್ರದಲ್ಲಿ ಮೈಗೆ ಮೈ ತಾಗಿಸಿ ನಿಂತಂತೆ ಕಾಣುತ್ತವೆ. ಕಬಿನಿಯ ಚಿತ್ರಗಳಲ್ಲಿ ನಾವು ಕಾಣುವ ಮಹಾಸಮೂಹದ ಒತ್ತೊತ್ತು ಅನೇಕ ವೇಳೆ ಮಸೂರದ ದೂರದ ಮಾಯೆಯೆ ಹೊರತು ಆನೆಗಳ ಸ್ನೇಹವಲ್ಲ.

ಇದು ಕುಹಕದ ಮಾತಲ್ಲ. ಆನೆಗಳ ಸಮಾಜವನ್ನು ಅರಿಯಲು ಅವುಗಳ ನಡುವಣ ಅಂತರವೇ ಮುಖ್ಯ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಟಿ. ಎನ್. ಸಿ. ವಿದ್ಯಾ ಮತ್ತು ಅವರ ಶಿಷ್ಯರು 2009ರಿಂದ ಕಬಿನಿಯ ಆನೆಗಳನ್ನು ಒಂದೊಂದಾಗಿ ಗುರುತಿಸುವ ಕೆಲಸವನ್ನು ಕೈಗೊಂಡರು. ಕಿವಿಯ ಅಂಚಿನ ಹರಕು, ಕಿವಿಯ ಮೇಲ್ಮಡಿಕೆ, ಬಾಲದ ಕುಚ್ಚು, ಗಂಡಿನಲ್ಲಾದರೆ ದಂತದ ಬಾಗು, ಇವೇ ಗುರುತಿನ ಚೀಟಿಗಳು. ಹೀಗೆ ಹೆಸರು ಹಚ್ಚಿ ವರ್ಷಾನುಗಟ್ಟಲೆ ಯಾರೊಡನೆ ಯಾರು ಮೇಯುತ್ತಾರೆಂದು ಬರೆದಿಟ್ಟಾಗ ಕಂಡುಬಂದುದು ಸ್ವಾರಸ್ಯವಾಗಿದೆ. ಹೆಣ್ಣಾನೆಗಳು ಬಳಗಗಳಾಗಿ ಬಾಳುತ್ತವೆ; ಆದರೆ ಒಂದು ಬಳಗದ ಸದಸ್ಯೆಯರೆಲ್ಲ ಎಂದೂ ಒಟ್ಟಿಗಿರುವುದಿಲ್ಲ, ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು ಮತ್ತೆ ಕೂಡುತ್ತವೆ. ಬೇರೆ ಬೇರೆ ಬಳಗದವು ಈ ಹುಲ್ಲಿನ ಬಯಲಿನಲ್ಲಿ ಎದುರಾದಾಗ ಮೇವಿಗಾಗಿ ಒಂದನ್ನೊಂದು ಅಟ್ಟುವುದೂ ಉಂಟು. ನಾವು ಹಬ್ಬವೆಂದು ತಿಳಿದ ಆ ಜಾತ್ರೆಯಲ್ಲಿ ಗಡಿಜಗಳವೂ ನಡೆದಿರುತ್ತದೆ! ಇದನ್ನು ಕಂಡುಕೊಳ್ಳಲು ಬೇಕಾದ ಸಾಧನ ಏನು? ನಮ್ಮ ಹವ್ಯಾಸಿಗಳ ಕೈಯಲ್ಲಿರುವ ಅದೇ ಕ್ಯಾಮೆರಾ, ಒಂದು ಪುಸ್ತಕ, ಒಂದು ಸೀಸದ ಕಡ್ಡಿ ಮತ್ತು ಒಂದೇ ಕಡೆ ಕುಳಿತಿರುವ ತಾಳ್ಮೆ.

ಹುಲಿಯ ವಿಷಯದಲ್ಲಿಯೂ ಚರಿತ್ರೆ ಇದನ್ನೇ ಹೇಳುತ್ತದೆ. ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬಾತನು 1920ರ ದಶಕದಲ್ಲಿ ಕಾಡಿನ ಹಾದಿಗೆ ಅಡ್ಡವಾಗಿ ತಂತಿಯನ್ನು ಹೂಡಿ, ಹುಲಿಯು ಅದನ್ನು ತಾಕಿದೊಡನೆ ಬೆಳಕು ಮಿಂಚಿ ಚಿತ್ರ ತಾನಾಗಿ ಮೂಡುವಂತೆ ಏರ್ಪಡಿಸಿದನು. 1927ರಲ್ಲಿ ಪುಸ್ತಕವಾಗಿ ಬಂದ ಆ ಚಿತ್ರಗಳ ಬೆಲೆ ಅವುಗಳ ಸಾಹಸದಲ್ಲಿ ಮಾತ್ರವಿಲ್ಲ. ಪ್ರತಿಯೊಂದು ಹುಲಿಯ ಪಟ್ಟೆಗಳೂ ಬೇರೆ ಬೇರೆ ಎಂಬುದನ್ನು ಆತ ಗಮನಿಸಿದ್ದನು. ಈ ಬೀಜ ಮರವಾದುದು ನಮ್ಮ ನಾಗರಹೊಳೆಯಲ್ಲಿಯೇ. ಶಿವರಾಮ ಕಾರಂತರ ಪುತ್ರ ಡಾ. ಕೆ. ಉಲ್ಲಾಸ ಕಾರಂತರು ಇಲ್ಲಿ ಸ್ವಯಂಚಾಲಿತ ಕ್ಯಾಮೆರಾಗಳನ್ನು ಹೂಡಿ, ಹುಲಿಗಳನ್ನು ಪಟ್ಟೆಗಳಿಂದ ಗುರುತಿಸಿ, ಅವುಗಳ ಸಂಖ್ಯೆಯನ್ನು ಗಣಿತದ ಮೂಲಕ ಅಂದಾಜು ಮಾಡುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ವಿಧಾನದ ತತ್ತ್ವ ಸರಳ. ಕೊಳವೊಂದರಿಂದ 20 ಮೀನುಗಳನ್ನು ಹಿಡಿದು ಗುರುತು ಹಾಕಿ ಬಿಟ್ಟೆವೆನ್ನೋಣ. ಮರುದಿನ ಮತ್ತೆ 20 ಮೀನು ಹಿಡಿದಾಗ ಅವುಗಳಲ್ಲಿ 5ಕ್ಕೆ ಗುರುತಿದ್ದರೆ, ಗುರುತಿನವು ಕೊಳದ ಕಾಲುಭಾಗವೆಂದಾಯಿತು. ಕೊಳದಲ್ಲಿ ಸುಮಾರು 80 ಮೀನುಗಳಿರಬೇಕು. ಹುಲಿಗೆ ಗುರುತು ಹಾಕುವ ಸಾಹಸ ಬೇಡ, ಪ್ರಕೃತಿಯೇ ಹಾಕಿ ಕಳುಹಿಸಿದೆ. ಎಡಮಗ್ಗುಲಿನ ಪಟ್ಟೆಗೂ ಬಲಮಗ್ಗುಲಿನ ಪಟ್ಟೆಗೂ ಹೋಲಿಕೆಯಿಲ್ಲವಾದುದರಿಂದ ಹಾದಿಯ ಎರಡು ಬದಿಗೂ ಕ್ಯಾಮೆರಾ ಇಡಬೇಕು, ಅಷ್ಟೆ. ಅಲ್ಲಿಯವರೆಗೆ ಹೆಜ್ಜೆಯ ಗುರುತುಗಳನ್ನು ಗಾಜಿನ ಮೇಲೆ ಗೆರೆಯೆಳೆದು ಎಣಿಸುತ್ತಿದ್ದ ಪದ್ಧತಿಯ ದೋಷಗಳು ಇದರಿಂದ ಬಯಲಾದವು. ಈಗ ಗಮನಿಸಿ: ವಿಜ್ಞಾನಕ್ಕೆ ಬೇಕಾದುದು ಹುಲಿಯ ಮಗ್ಗುಲು, ನಮ್ಮವರು ತರುವುದು ಹುಲಿಯ ಮುಖ. ಕಣ್ಣಿನಲ್ಲಿ ಕಣ್ಣಿಟ್ಟು ನೋಡುವ ಹುಲಿ ಗೋಡೆಗೆ ಭೂಷಣ. ಅಡ್ಡಲಾಗಿ ನಡೆದುಹೋಗುವ ಹುಲಿ ಜ್ಞಾನಕ್ಕೆ ಸಾಧಕ.

ಕರಿಚಿರತೆಯ ಮೋಹವಂತೂ ಇನ್ನೂ ವಿಚಿತ್ರ. ಅದು ಬೇರೊಂದು ಪ್ರಾಣಿಯೇನಲ್ಲ, ಸಾಧಾರಣ ಚಿರತೆಯೇ. ತಂದೆತಾಯಿಗಳಿಬ್ಬರಿಂದಲೂ ಒಂದು ಗೌಣ ವಂಶವಾಹಿ ಬಂದು ಕೂಡಿದಾಗ ಮೈಯೆಲ್ಲ ಕಪ್ಪಾಗುತ್ತದೆ. ಓರೆಬಿಸಿಲಿನಲ್ಲಿ ನೋಡಿದರೆ ಕಪ್ಪಿನೊಳಗೆ ಕಪ್ಪಾಗಿ ಚುಕ್ಕೆಗಳೂ ಕಾಣುತ್ತವೆ. ಮಲಯ ದ್ವೀಪಕಲ್ಪದ ಕಾಡುಗಳಲ್ಲಿ ಹೆಚ್ಚುಕಡಮೆ ಎಲ್ಲ ಚಿರತೆಗಳೂ ಕರಿಯವೇ. ಅವುಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಹೇಗೆಂದು ತಿಳಿಯದೆ ಸಂಶೋಧಕರು ಕಂಗೆಟ್ಟಿದ್ದರು. ಅತಿಕೆಂಪು ಬೆಳಕಿನಲ್ಲಿ ಚಿತ್ರ ತೆಗೆದಾಗ ಮರೆಯಾಗಿದ್ದ ಚುಕ್ಕೆಗಳೆಲ್ಲ ಸ್ಪಷ್ಟವಾಗಿ ಮೂಡುತ್ತವೆಂಬುದು 2015ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿತು. ಕ್ಯಾಮೆರಾದ ಇಂಥ ಬಳಕೆಯನ್ನು ನೋಡಿದಾಗ ನಮಗಾಗುವ ಸಂತೋಷ, ನೂರನೆಯ ಸಲ ಅದೇ ಮರದ ಅದೇ ಕೊಂಬೆಯ ಮೇಲಿನ ಅದೇ ಕರಿಚಿರತೆಯ ಚಿತ್ರವನ್ನು ನೋಡಿದಾಗ ಆಗುವುದಿಲ್ಲ.

ಮೋಹದಿಂದ ಹಾನಿಯೂ ಇದೆ. ಒಮ್ಮೆ ನಾವಿದ್ದ ವಾಹನದ ಮುಂದೆ ಏಳೆಂಟು ಸೀಳುನಾಯಿಗಳು ಹಾದಿಯ ಧೂಳಿನಲ್ಲಿ ಹೊರಳಾಡುತ್ತಿದ್ದವು. ಮರಿಗಳಿಗೆ ಹಿರಿಯವು ಆಹಾರ ಕಕ್ಕಿ ಉಣಿಸುವುದನ್ನು ನೋಡುವ ಭಾಗ್ಯ ಎಲ್ಲರಿಗೂ ಸಿಕ್ಕದು, ಅಂದು ಸಿಕ್ಕಿತ್ತು. ಅಷ್ಟರಲ್ಲಿ ದೂರದಲ್ಲಿ ಕಡವೆಯೊಂದು ಕೂಗಿತು. ಹುಲಿ ಇರಬಹುದೆಂಬ ಒಂದೇ ಊಹೆಯ ಮೇಲೆ, ಸಹಪ್ರಯಾಣಿಕರ ಒತ್ತಾಯಕ್ಕೆ ಮಣಿದು ಚಾಲಕ ವಾಹನವನ್ನು ತಿರುಗಿಸಿದ. ಅಲ್ಲಿಗೆ ಹೋದರೆ ನಮ್ಮಂತೆಯೇ ಓಡಿಬಂದ ಇನ್ನೂ ನಾಲ್ಕು ವಾಹನಗಳು! ಹುಲಿ ಬರಲಿಲ್ಲ, ಬಂದಿದ್ದರೂ ಹಾದಿ ದಾಟಲು ಅದಕ್ಕೆ ಎಡೆಯಿರಲಿಲ್ಲ. ಕಾಡುಪ್ರಾಣಿಯಿಂದ 20 ಮೀಟರಿಗಿಂತ ಹೆಚ್ಚು ದೂರವಿರಬೇಕು, ಸುತ್ತುವರಿಯಬಾರದು ಎಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು 2012ರಲ್ಲಿಯೇ ವಿಧಿಸಿದೆ. ವಿಧಿಯನ್ನು ಪಾಲಿಸಬೇಕಾದವನು ಚಾಲಕನೆಂದು ನಾವು ತಿಳಿಯುತ್ತೇವೆ. ಅವನನ್ನು ಮುಂದಕ್ಕೆ ಅಟ್ಟುವವರು ಹಿಂದೆ ಕುಳಿತ ನಾವೇ ಅಲ್ಲವೆ? ದಿನವೂ ಕಾಡನ್ನು ನೋಡುವ ಆ ಚಾಲಕನಿಗೂ ಮಾರ್ಗದರ್ಶಿಗೂ ಗೊತ್ತಿರುವ ವಿಷಯಗಳಲ್ಲಿ ಹತ್ತನೆಯ ಒಂದು ಪಾಲನ್ನೂ ಯಾರೂ ಕೇಳುವುದಿಲ್ಲ. 'ಹುಲಿ ಸಿಕ್ಕೀತೆ?' ಎಂಬುದೊಂದೇ ಪ್ರಶ್ನೆ.

ಹಾಗೆಂದು ಸಾಮಾನ್ಯ ಪ್ರಾಣಿಗಳ ಚಿತ್ರ ತೆಗೆದು ಪ್ರಯೋಜನವೇನು ಎಂದು ವಾಚಕರು ಕೇಳಬಹುದು. ರಣಹದ್ದಿನ ಕಥೆಯೇ ಇದಕ್ಕೆ ಉತ್ತರ. ನಲವತ್ತು ವರ್ಷಗಳ ಹಿಂದೆ ಸತ್ತ ದನವಿದ್ದಲ್ಲೆಲ್ಲ ಇಳಿಯುತ್ತಿದ್ದ ಬಿಳಿಬೆನ್ನಿನ ರಣಹದ್ದುಗಳಲ್ಲಿ 1992ರಿಂದ 2007ರ ನಡುವೆ, ಭಾರತದಲ್ಲಿ ನಡೆದ ಎಣಿಕೆಗಳ ಪ್ರಕಾರ, ಸಾವಿರಕ್ಕೆ ಒಂದು ಮಾತ್ರ ಉಳಿಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಹೆಣದ ಮೂಲಕ ಹದ್ದಿನ ಮೈಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆಂಬುದು 2004ರಲ್ಲಿ ಪತ್ತೆಯಾಯಿತು. 2006ರಲ್ಲಿ ಸರ್ಕಾರ ಅದರ ಪಶುಬಳಕೆಯನ್ನು ನಿಷೇಧಿಸಿತು. ಎಲ್ಲೆಲ್ಲಿಯೂ ಇದ್ದಾಗ ಆ ಕುರೂಪಿ ಹಕ್ಕಿಗಾಗಿ ಯಾರು ಫಿಲ್ಮನ್ನು ಖರ್ಚು ಮಾಡಿಯಾರು? ಇಂದು ಯಾವ ಕಾಡಿನಲ್ಲಿ ಯಾವ ವರ್ಷ ಎಷ್ಟಿದ್ದವೆಂದು ತಿಳಿಯಬೇಕೆಂದರೆ ಹಳೆಯ ಚಿತ್ರಗಳಿಗಾಗಿ ಪರದಾಡಬೇಕು. ಇಂದು ಅಗ್ಗವಾಗಿ ಕಾಣುವ ಜಿಂಕೆ, ಮುಸುವ, ನವಿಲುಗಳ ಸರದಿ ನಾಳೆ ಬಾರದೆಂದು ಹೇಳುವವರಾರು? ಹುಲಿಯ ಹಿಂದಿನ ಪೊದೆಯೂ ಸಾಕ್ಷಿಯೇ. ನಮ್ಮ ಕಾಡುಗಳನ್ನು ನುಂಗುತ್ತಿರುವ ಲಂಟಾನದ ಹಬ್ಬುವಿಕೆಯನ್ನು ಒಂದೇ ತಿರುವಿನಲ್ಲಿ ಇಪ್ಪತ್ತು ವರ್ಷ ತೆಗೆದ ಪ್ರವಾಸಿಗಳ ಚಿತ್ರಗಳಿಂದ ಅಳೆಯಬಹುದು. ಆದರೆ ಹಿನ್ನೆಲೆಯನ್ನು ಮಸುಕು ಮಾಡುವುದೇ ಈಗ ಕಲೆ ಎನಿಸಿಕೊಂಡಿದೆ!

ದಾಖಲೆಯಿಲ್ಲದ ಚಿತ್ರದ ಕೊರತೆ 2025ರಲ್ಲಿ ಕಟುವಾಗಿ ಎದ್ದು ಕಂಡಿತು. ಆ ವರ್ಷದ ಅಕ್ಟೋಬರ್ ನವೆಂಬರುಗಳಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನ ಹಳ್ಳಿಗಳಲ್ಲಿ ರೈತರು ಹುಲಿಯ ದಾಳಿಗೆ ಬಲಿಯಾದರು. ಸರ್ಕಾರವು ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರಗಳ ಸಫಾರಿಯನ್ನು ನಿಲ್ಲಿಸಿ, ಅದರ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕಾರ್ಯಕ್ಕೆ ಹಚ್ಚಲು ಆಜ್ಞಾಪಿಸಿತು. ವಾಹನಗಳ ಕಾಟಕ್ಕೆ ಹುಲಿಗಳು ಹೊರಗೆ ಬರುತ್ತಿವೆಯೆಂದು ಹಳ್ಳಿಗರು ವಾದಿಸಿದರು. ಅದಕ್ಕೆ ಆಧಾರವಿಲ್ಲವೆಂದು ಪ್ರವಾಸೋದ್ಯಮದವರು ಹೇಳಿದರು. ಹೊಲದಲ್ಲಿ ಹೆಣವಿರುವಾಗ ರಜೆಯ ವಿನೋದದ ಪರವಾಗಿ ವಾದಿಸುವುದು ಶೋಭಿಸುವುದಿಲ್ಲ. ಆದರೆ ಪ್ರಶ್ನೆಯನ್ನು ತೀರ್ಮಾನಿಸುವ ಬಗೆ ಇದ್ದೇ ಇದೆ. ಹೊಲದಲ್ಲಿ ಸಿಕ್ಕಿಬಿದ್ದ ಹುಲಿಯ ಪಟ್ಟೆಗಳನ್ನು ಹಳೆಯ ಚಿತ್ರಗಳೊಡನೆ ಹೋಲಿಸಿದರೆ ಅದು ಎಲ್ಲಿಯದು, ಸಫಾರಿಯ ಹಾದಿಗಳಲ್ಲಿ ತಿರುಗುತ್ತಿದ್ದುದೆ, ಎಂದಿನಿಂದ ಕಾಣೆಯಾಯಿತು ಎಂಬುದು ತಿಳಿಯುತ್ತದೆ. ಇಲಾಖೆಯ ಕ್ಯಾಮೆರಾಗಳು ಎಲ್ಲ ಕಡೆಯೂ ಎಲ್ಲ ಕಾಲದಲ್ಲಿಯೂ ಇರುವುದಿಲ್ಲ. ಪ್ರವಾಸಿಗಳ ಕ್ಯಾಮೆರಾಗಳು ವಾರವಾರವೂ ಅದೇ ಹಾದಿಗಳಲ್ಲಿ ತಿರುಗಿವೆ. ಅವರ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಲಾಗದು, ಏಕೆಂದರೆ ಹಾದಿಯಿಂದ ಕಾಣುವುದನ್ನಷ್ಟೇ ಅವು ಹಿಡಿದಿರುತ್ತವೆ. ಒಂದು ಹುಲಿಯ ಜೀವನಚರಿತ್ರೆಗೆ ಮಾತ್ರ ಅವು ಅಮೂಲ್ಯ. ತೇದಿ, ಸ್ಥಳ, ಮಗ್ಗುಲು, ಈ ಮೂರು ಇದ್ದ ಪಕ್ಷದಲ್ಲಿ.

ಸ್ಥಳವನ್ನು ದಾಖಲಿಸಬೇಕೆಂದರೆ ಊರಿಗೆಲ್ಲ ಸಾರಬೇಕೆಂದಲ್ಲ. ಹುಲಿ ಮರಿ ಹಾಕಿದ ಕೊರಕಲನ್ನೂ ಹಕ್ಕಿಯ ಗೂಡನ್ನೂ ಸಾಮಾಜಿಕ ಜಾಲಗಳಲ್ಲಿ ನಕ್ಷೆಸಹಿತ ಪ್ರಕಟಿಸುವುದು ಕಳ್ಳಬೇಟೆಗಾರನಿಗೂ ನಾಳೆಯ ಜನಸಂದಣಿಗೂ ಕೊಟ್ಟ ಆಮಂತ್ರಣ. ಸ್ಥಳ ಪುಸ್ತಕದಲ್ಲಿರಲಿ, ಇಲಾಖೆಗೆ, ಸಂಶೋಧಕರಿಗೆ ದೊರೆಯಲಿ. ಬೇಸಗೆಯಲ್ಲಿ ಹಿನ್ನೀರಿನ ದಿಬ್ಬಗಳ ಬರಿನೆಲದ ಮೇಲೆ ಮೊಟ್ಟೆಯಿಡುವ ರೀವ ಹಕ್ಕಿಯ ಪಾಡನ್ನು ನೋಡಿರಿ. ಭದ್ರಾ ಜಲಾಶಯದ ನಡುಗಡ್ಡೆಗಳು ಈ ಹಕ್ಕಿಗೆ ಹೆಸರಾದವು. ಅಲ್ಲಿ ಗೂಡೆಂಬುದು ಒಂದು ಸಣ್ಣ ತಗ್ಗು. ಉರಿಬಿಸಿಲಿನಲ್ಲಿ ತಾಯಿಯೋ ತಂದೆಯೋ ಮೊಟ್ಟೆಯ ಮೇಲೆ ಕುಳಿತಿರುವುದು ಕಾವು ಕೊಡಲು ಮಾತ್ರವಲ್ಲ, ನೆರಳು ಕೊಡಲು. ದೋಣಿ ಹತ್ತಿರ ಬಂದಿತೆಂದು ಹಕ್ಕಿ ಎದ್ದು ಹಾರಿದರೆ ಛಾಯಾಗ್ರಾಹಕನಿಗೆ ಹಾರುವ ಹಕ್ಕಿಯ ಸೊಗಸಾದ ಚಿತ್ರ ಸಿಕ್ಕುತ್ತದೆ. ಅದು ಮರಳುವುದರೊಳಗೆ ಮೊಟ್ಟೆಯೊಳಗಿನ ಜೀವ ಬೆಂದುಹೋಗಬಹುದು. ಹಕ್ಕಿ ಹಾರುತ್ತಿರುವ ಅಂಥ ಚಿತ್ರಕ್ಕೆ ಸ್ಪರ್ಧೆಗಳಲ್ಲಿ ಬಹುಮಾನ ಕೊಡುವವರು ದೋಣಿ ಎಷ್ಟು ದೂರದಲ್ಲಿತ್ತೆಂದು ಕೇಳಬೇಕು.

ಎರಡು ದಿನದ ಪ್ರವಾಸಿಗೆ ನಾವು ಸೂಚಿಸುವ ಕೆಲಸ ಹೆಚ್ಚಿನದೇನಲ್ಲ. ಹೊರಡುವ ಮುನ್ನ ಕ್ಯಾಮೆರಾದ ಗಡಿಯಾರವನ್ನು ಸರಿಪಡಿಸಿಕೊಳ್ಳಿರಿ. ಪ್ರತಿ ಚಿತ್ರದಲ್ಲಿಯೂ ತೇದಿ, ಗಂಟೆ, ನಿಮಿಷಗಳು ತಾವಾಗಿಯೇ ದಾಖಲಾಗುತ್ತವೆ, ಆದರೆ ಗಡಿಯಾರ ತಪ್ಪಿದ್ದರೆ ದಾಖಲೆಯೂ ಸುಳ್ಳು. ಪ್ರತಿಯೊಂದು ನೋಟಕ್ಕೂ ಉದ್ದ ಮಸೂರದ ಚಿತ್ರದೊಡನೆ ಸಾಧಾರಣ ಮಸೂರದಿಂದ, ಬೇಕಾದರೆ ಕಿಸೆಯ ಫೋನಿನಿಂದಲೇ, ಸುತ್ತಲಿನ ನೆಲ, ನೀರು, ಮರಗಳೆಲ್ಲ ಕಾಣುವ ಒಂದು ಚಿತ್ರವನ್ನು ತೆಗೆಯಿರಿ. ರಾತ್ರಿ ಊಟದ ಮೊದಲು ಅರ್ಧ ಗಂಟೆ ಕುಳಿತು ಕಂಡುದನ್ನೆಲ್ಲ ಬರೆಯಿರಿ. ಕಾಣಬೇಕಾಗಿದ್ದು ಕಾಣದಿದ್ದುದನ್ನೂ ಬರೆಯಿರಿ. ಹಕ್ಕಿಗಳ ಪಟ್ಟಿಯನ್ನು 'ಇಬರ್ಡ್' ಎಂಬ ಸಾರ್ವಜನಿಕ ಸಂಗ್ರಹಕ್ಕೂ ಗಿಡ, ಚಿಟ್ಟೆ, ಪ್ರಾಣಿಗಳನ್ನು 'ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್' ಎಂಬುದಕ್ಕೂ ಯಾರು ಬೇಕಾದರೂ ಸೇರಿಸಬಹುದು. ನಾಲ್ಕು ಸುತ್ತುಗಳ ಪೈಕಿ ಒಂದನ್ನಾದರೂ ಅಲೆದಾಟಕ್ಕೆ ಕೊಡದೆ, ಹಿನ್ನೀರಿನ ಅಂಚಿನಲ್ಲಿ ವಾಹನವನ್ನು ನಿಲ್ಲಿಸಿಸಿ ಸುಮ್ಮನೆ ಕುಳಿತಿರಿ. ಮುಸುವವು ಮರದಿಂದ ಉದುರಿಸಿದ ಎಲೆ ಹಣ್ಣುಗಳನ್ನು ಕೆಳಗೆ ಜಿಂಕೆಗಳು ಮೇಯುವುದು, ಮೇಲಿನ ಕಣ್ಣೂ ಕೆಳಗಿನ ಮೂಗೂ ಕೂಡಿ ಇಬ್ಬರ ಕಾವಲೂ ನಡೆಯುವುದು, ಒಬ್ಬರ ಕೂಗಿಗೆ ಇನ್ನೊಬ್ಬರು ಕಿವಿ ನಿಮಿರಿಸುವುದು, ಇವೆಲ್ಲ ಕುಳಿತವನಿಗೆ ಕಾಣುತ್ತವೆ.

ಇನ್ನೊಂದು ಕೆಲಸಕ್ಕೆ ಕಬಿನಿಯವರೆಗೆ ಹೋಗುವ ಅಗತ್ಯವೂ ಇಲ್ಲ. 1974ಕ್ಕೆ ಮುಂಚೆ ಈ ಕಣಿವೆ ಹೇಗಿತ್ತೆಂಬುದಕ್ಕೆ ಚಿತ್ರಸಾಕ್ಷ್ಯ ಬಹಳವಿದ್ದರೆ ಅಷ್ಟೂ ಒಳ್ಳೆಯದು. ಮೈಸೂರು, ಕೊಡಗು, ಹೆಗ್ಗಡದೇವನಕೋಟೆಗಳ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಖೆಡ್ಡಾ ನೋಡಲು ಹೋದ ಅಜ್ಜಂದಿರು ತೆಗೆಸಿಕೊಂಡ, ಇಲ್ಲವೆ ಕೊಂಡುತಂದ ಚಿತ್ರಗಳಿದ್ದಾವು. ಮುಂದೆ ಆನೆಯೋ ಅಜ್ಜನೋ ಇರಲಿ, ಹಿಂದೆ ಹೊಳೆಯ ಅಗಲ, ದಂಡೆಯ ಮರಗಳು, ಬಿದಿರಿನ ಮೆಳೆಗಳು ಕಾಣುತ್ತಿರುತ್ತವೆ. ಆ ನೆಲ ಈಗ ನೀರಿನ ಅಡಿಯಲ್ಲಿದೆ. ಮನೆಯ ಹಿರಿಯರು ಇರುವಾಗಲೇ ಕೇಳಿ, ಚಿತ್ರದ ಬೆನ್ನಿನ ಮೇಲೆ ವರ್ಷವನ್ನೂ ಸ್ಥಳವನ್ನೂ ಬರೆದಿಡಿರಿ. ಶಾಯಿಯಿಂದ ಬೇಡ, ಅದು ಇಂಗಿ ಮುಂಬದಿಗೆ ಬರುತ್ತದೆ. ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ ಬರೆಯಿರಿ.